ಕೋಬಿಟ್‌ನ ಎಲ್ಲ 40 ಉದ್ದೇಶಗಳೂ ಬೇಕಾ?

ಐಟಿ ಆಡಳಿತವನ್ನು ವ್ಯವಹಾರದ ಗುರಿಗೆ ಹೊಂದಿಸಲು ಕೋಬಿಟ್ 2019 ಎಂಬ ಐಟಿ ಆಡಳಿತ ಚೌಕಟ್ಟಿನ 40 ಉದ್ದೇಶಗಳನ್ನೂ ಜಾರಿ ಮಾಡಬೇಕಾ ಅಂತ ಕೇಳಿದ್ದೀರಿ. ಖಂಡಿತ ಬೇಡ. ಜನ ಸುಸ್ತಾಗುತ್ತಾರೆ, ಕಾಗದ ಮಾತ್ರ ಜಾಸ್ತಿಯಾಗುತ್ತದೆ.

ಕೋಬಿಟ್ ಕೂಡ ಹಾಗೆ ಹೇಳುವುದಿಲ್ಲ. ಅದರಲ್ಲಿ ಸಂಸ್ಥೆಯ ಮಟ್ಟದ 13 ಗುರಿಗಳಿವೆ. ನಿಮಗೆ ಈಗ ನಿಜಕ್ಕೂ ಮುಖ್ಯವಾದ ಎರಡು ಮೂರನ್ನು ಆರಿಸಿ. ಅವಕ್ಕೆ ತಾಳೆಯಾಗುವ ಐಟಿ ಗುರಿಗಳನ್ನು ನೋಡಿ, ಆಮೇಲೆ 40ರ ಪಟ್ಟಿಗೆ ಇಳಿಯಿರಿ. ಆಗ ಕೆಲವೇ ಉಳಿಯುತ್ತವೆ.

ಅಳತೆಯಲ್ಲಿ ಎಚ್ಚರ ಇರಲಿ. ಸೇವೆ ನಿಲ್ಲಬಾರದು ಅನ್ನುವುದು ಗುರಿ ಅಂತಿಟ್ಟುಕೊಳ್ಳಿ. ಸರ್ವರ್ ಎಷ್ಟು ಹೊತ್ತು ಓಡಿತು ಅಂತ ಸುಮ್ನೆ ಲೆಕ್ಕ ಇಟ್ಟರೆ ಸಾಲದು. ಸರ್ವರ್ ಓಡುತ್ತಿದ್ದರೂ ಪಾವತಿ ನಿಂತಿರಬಹುದು, ಅಲ್ವಾ? ಎಷ್ಟು ಆರ್ಡರ್ ಕೈತಪ್ಪಿತು ಅಂತ ಎಣಿಸಿ. ಆ ಸಂಖ್ಯೆ ಮಾರಾಟದವರಿಗೂ ಅರ್ಥವಾಗುತ್ತದೆ.

ಈ ಆಯ್ಕೆಯನ್ನು ಐಟಿ ವಿಭಾಗ ಒಂದೇ ಮಾಡಬಾರದು. ಐಎಸ್‌ಒ 38500 ಎಂಬ ಐಟಿ ಆಡಳಿತದ ಅಂತರರಾಷ್ಟ್ರೀಯ ಮಾನದಂಡ ಪರಿಶೀಲನೆ, ನಿರ್ದೇಶನ, ನಿಗಾ ಮೂರನ್ನೂ ಆಡಳಿತ ಮಂಡಳಿಯ ಹೆಗಲಿಗೇ ಹಾಕುತ್ತದೆ.

ನಾಳೆಯೇ ಶುರು ಮಾಡಬೇಕೆಂದರೆ, ಈಗ ನಡೆಯುತ್ತಿರುವ ಪ್ರಾಜೆಕ್ಟ್‌ಗಳ ಪಟ್ಟಿ ತೆಗೆಯಿರಿ. ಪ್ರತಿಯೊಂದರ ಮುಂದೆ ಅದು ಯಾವ ಗುರಿಗೆ, ಫಲಿತಾಂಶಕ್ಕೆ ಯಾರು ಹೊಣೆ ಅಂತ ಬರೆಯಿರಿ. ಖಾಲಿ ಉಳಿದವನ್ನು ಮೊದಲು ಮಂಡಳಿಯ ಮುಂದಿಡಿ.