ಸಹಾನುಭೂತಿಯೊಂದಿದ್ದರೆ ಸಮಾಜಕ್ಕೆ ಸಾಲದೇ, ನೈತಿಕತೆಯೂ ಬೇಕೇ?

ಸಾಲದು. ಸಹಾನುಭೂತಿಯು ಪಕ್ಷಪಾತಿ, ಕಣ್ಣೆದುರಿನವರ, ನಮ್ಮವರ ನೋವು ತಟ್ಟಿದಷ್ಟು ಬೇಗ ದೂರದವರ ನೋವು ತಟ್ಟುವುದಿಲ್ಲ. ಮನಸ್ಸು ಕರಗದಿದ್ದಾಗಲೂ ಅಪರಿಚಿತರಿಗೆ ಸಲ್ಲಬೇಕಾದುದನ್ನು ಸಲ್ಲಿಸುವಂತೆ ಮಾಡುವುದು ನೈತಿಕತೆ.

ರಸ್ತೆ ಅಪಘಾತವನ್ನೇ ತೆಗೆದುಕೊಳ್ಳಿ. ಗಾಯಾಳುವಿನ ಸುತ್ತ ಜನ ಸೇರಿಯೂ ಯಾರೂ ಮುಟ್ಟದೆ ನಿಂತಿರುವುದನ್ನು ಕಂಡು ‘ಜನರಿಗೆ ಕರುಣೆಯೇ ಇಲ್ಲ’ ಎನ್ನುವುದು, ನನ್ನ ದೃಷ್ಟಿಯಲ್ಲಿ, ಅವಸರದ ತೀರ್ಪು. ಅಲ್ಲಿ ಕರುಣೆ ಇರುತ್ತದೆ. ಆದರೆ ಪೊಲೀಸ್ ವಿಚಾರಣೆ, ಕೋರ್ಟಿನ ಅಲೆದಾಟ, ಆಸ್ಪತ್ರೆಯ ಬಿಲ್ಲು ಇವುಗಳ ಭಯವೂ ಇರುತ್ತದೆ, ಜೊತೆಗೆ ಗುಂಪು ದೊಡ್ಡದಾದಷ್ಟೂ ‘ಬೇರೆ ಯಾರಾದರೂ ಮಾಡಿಯಾರು’ ಎಂಬ ಭಾವನೆಯಿಂದ ಹೊಣೆ ಚದುರಿಹೋಗುತ್ತದೆ. ಈ ಭಯವನ್ನು ನೀಗಿಸಲೆಂದೇ, ನೆರವಿಗೆ ಬರುವವರ ರಕ್ಷಣೆಗಾಗಿ ಕೇಂದ್ರ ಸರ್ಕಾರ ರೂಪಿಸಿದ್ದ ಮಾರ್ಗಸೂಚಿಗಳಿಗೆ ಸುಪ್ರೀಂ ಕೋರ್ಟ್ 2016ರಲ್ಲಿ ಕಾನೂನಿನ ಬಲ ನೀಡಿತು; 2019ರ ತಿದ್ದುಪಡಿಯು ಮೋಟಾರು ವಾಹನ ಕಾಯ್ದೆಗೆ 134ಎ ಕಲಮನ್ನು ಸೇರಿಸಿ, ಸದುದ್ದೇಶದಿಂದ ನೆರವಾದವರನ್ನು ಸಿವಿಲ್ ಮತ್ತು ಕ್ರಿಮಿನಲ್ ಹೊಣೆಯಿಂದ ಮುಕ್ತಗೊಳಿಸಿತು. ಕರ್ನಾಟಕವಂತೂ ಇದಕ್ಕಾಗಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿದೆ.

ಗಮನಿಸಬೇಕಾದ ಅಂಶವೆಂದರೆ, ಈ ಕಲಮು ನೆರವಾದವರನ್ನು ಕಾಯುತ್ತದೆಯೇ ಹೊರತು, ನೋಡಿಯೂ ಮುಂದೆ ಸಾಗಿದ ದಾರಿಹೋಕರನ್ನು ಶಿಕ್ಷಿಸುವುದಿಲ್ಲ. ಜರ್ಮನಿಯಲ್ಲಾದರೋ, ಸಾಧ್ಯವಿದ್ದೂ ನೆರವಾಗದಿರುವುದೇ ದಂಡಾರ್ಹ ಅಪರಾಧ.