ಶಿಕಾಗೋ ಯಾರ್ಡಿನ ಕೆಲಸದ ಬಗ್ಗೆ ಕೇಳಿದ್ದಕ್ಕೆ

ನಮಸ್ಕಾರ. ಶಿಕಾಗೋ ಸಮೀಪದ ಟ್ರಾನ್ಸ್‌ಲೋಡ್ ಯಾರ್ಡೊಂದರಲ್ಲಿ, ಅಂದರೆ ರೈಲಿನಿಂದ ಟ್ರಕ್ಕಿಗೆ ಸರಕು ಬದಲಾಯಿಸುವ ಜಾಗದಲ್ಲಿ, ನಿಮಗೆ ಕೆಲಸ ಸಿಕ್ಕಿದೆಯೆಂದೂ, ಆ ಕೆಲಸವನ್ನು ನೆಚ್ಚಿಕೊಂಡು ಇಲ್ಲಿ ಸಂಸಾರ ಹೂಡಬಹುದೇ ಎಂದೂ ಕೇಳಿದ್ದೀರಿ. ನಾನು ಹದಿನಾಲ್ಕು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ.

ನಮ್ಮ ಕಡೆಯ ಗೂಡ್ಸ್ ಶೆಡ್ಡಿನಲ್ಲಿ ಹಮಾಲರು ವ್ಯಾಗನ್ನಿನಿಂದ ಗೊಬ್ಬರದ ಚೀಲ ಹೊತ್ತು ಲಾರಿಗೆ ಹಾಕುವುದನ್ನು ನೀವು ನೋಡಿರುತ್ತೀರಿ. ಕೆಲಸದ ತಿರುಳು ಅದೇ, ಹೆಗಲಿನ ಜಾಗದಲ್ಲಿ ಇಲ್ಲಿ ಫೋರ್ಕ್‌ಲಿಫ್ಟ್ ಮತ್ತು ಗಾಳಿಯಿಂದ ಕಾಳು ಎಳೆಯುವ ಯಂತ್ರಗಳಿವೆ. ಬಾಗಿಲವರೆಗೆ ಹಳಿಯಿಲ್ಲದ ಕಾರ್ಖಾನೆಗಳಿಗಾಗಿ ಟೆಕ್ಸಾಸ್ ಕರಾವಳಿಯ ಪ್ಲಾಸ್ಟಿಕ್ ಕಾಳು, ಕೆನಡಾದ ಮರದ ಹಲಗೆ ಇವೆಲ್ಲ ದೂರದ ದಾರಿಯನ್ನು ರೈಲಿನಲ್ಲಿ ಕ್ರಮಿಸಿ, ಕೊನೆಯ ಕೆಲವು ಮೈಲಿಗಳಿಗೆ ನಮ್ಮಲ್ಲಿ ಟ್ರಕ್ ಏರುತ್ತವೆ. ತುಂಬಿದ ವ್ಯಾಗನ್ 2,86,000 ಪೌಂಡಿನವರೆಗೆ ತೂಗಬಹುದು, ಆದರೆ ಅಂತರರಾಜ್ಯ ಹೆದ್ದಾರಿಯಲ್ಲಿ ಟ್ರಕ್ಕಿನ ಒಟ್ಟು ತೂಕದ ಸಾಮಾನ್ಯ ಮಿತಿ 80,000 ಪೌಂಡು. ಹಾಗಾಗಿ ಒಂದು ವ್ಯಾಗನ್ ಖಾಲಿಯಾಗಲು ಮೂರ್ನಾಲ್ಕು ಟ್ರಕ್ ಬೇಕು.

ವ್ಯಾಗನ್ ತಡವಾಗಿ ಹಿಂತಿರುಗಿದರೆ ಡೆಮರೇಜ್, ಅಂದರೆ ತಡ ಮಾಡಿದ್ದಕ್ಕೆ ದಂಡದಂಥ ಶುಲ್ಕ, ಬೀಳುವುದರಿಂದ ಎಲ್ಲರಿಗೂ ಅವಸರ. ಆ ಅವಸರಕ್ಕೆ ನೀವು ಮಣಿಯಬಾರದು ಎಂಬುದೇ ನಾನು ಮುಖ್ಯವಾಗಿ ಹೇಳಬೇಕಾದದ್ದು. ಹಲಗೆ ತರುವ ವ್ಯಾಗನ್ನಿನ ನಡುವೆ ಉದ್ದಕ್ಕೂ ಉಕ್ಕಿನ ಗೋಡೆಯಂಥ ಚೌಕಟ್ಟಿದ್ದು, ಅದರ ಇಕ್ಕೆಲಗಳಲ್ಲಿ ಹಲಗೆಯ ಕಟ್ಟುಗಳನ್ನು ಪೇರಿಸಿರುತ್ತಾರೆ; ಎರಡೂ ಬದಿಯಿಂದ ಸಮವಾಗಿ ಇಳಿಸದಿದ್ದರೆ ಅದು ಮಗುಚಿಕೊಳ್ಳಬಹುದು. ಮೊದಲ ವರ್ಷ, ಟ್ರಕ್ ಕಾಯುತ್ತಿದೆಯೆಂದು ನಾನು ಒಂದೇ ಬದಿಯ ಕಟ್ಟುಗಳನ್ನು ಸಾಲಾಗಿ ತೆಗೆಯುತ್ತಾ ಹೋದೆ. ಸ್ಪ್ರಿಂಗುಗಳು ಕಿರುಗುಟ್ಟಿ, ವ್ಯಾಗನ್ ಭಾರವಿದ್ದ ಕಡೆಗೆ ಒಂದು ಗೇಣಿನಷ್ಟು ವಾಲಿತು. ಹಿರಿಯ ಸಹೋದ್ಯೋಗಿಯೊಬ್ಬರು ಕೂಗಿ ನಿಲ್ಲಿಸದಿದ್ದರೆ ಏನಾಗುತ್ತಿತ್ತೋ, ನೆನೆದರೆ ಈಗಲೂ ಕೈ ತಣ್ಣಗಾಗುತ್ತದೆ. ಹಳಿಯ ಮೇಲೆ ನೀಲಿ ಬಾವುಟ ನೆಟ್ಟಿದ್ದರೆ ಅಲ್ಲಿ ಯಾರೋ ಕೆಲಸ ಮಾಡುತ್ತಿದ್ದಾರೆಂದೇ ಅರ್ಥ. ಯಾರು ಎಷ್ಟೇ ಒತ್ತಾಯಿಸಿದರೂ ಬೇರೆಯವರು ನೆಟ್ಟ ಬಾವುಟವನ್ನು ನೀವು ಕೀಳಬೇಡಿ.

ಚಳಿಗಾಲದಲ್ಲಿ ವ್ಯಾಗನ್ನಿನ ಮುಚ್ಚಳಗಳು ಹಿಮಗಟ್ಟಿ ಕೂತಿರುತ್ತವೆ, ಬೆರಳುಗಳು ಮಾತು ಕೇಳುವುದಿಲ್ಲ. ಅದು ಎರಡನೆಯ ವರ್ಷಕ್ಕೆ ರೂಢಿಯಾಗುತ್ತದೆ.

ಸಂಸಾರ ಹೂಡಬಹುದು, ಧೈರ್ಯವಾಗಿ ಬನ್ನಿ. ಆದರೆ ಕನ್ನಡದವರು ಹೆಚ್ಚಿರುವ ಬಡಾವಣೆಯೇ ಬೇಕೆಂದು ದೂರದಲ್ಲಿ ಮನೆ ಹಿಡಿಯಬೇಡಿ. ವ್ಯಾಗನ್ ಬೆಳಗಿನ ಜಾವ ಬಂದರೆ ಆಗಲೇ ಹೊರಡಬೇಕಾಗುತ್ತದೆ, ಹಿಮ ಬಿದ್ದ ರಸ್ತೆಯಲ್ಲಿ ಅರ್ಧ ಗಂಟೆಯ ದಾರಿಯೇ ಸಾಕಷ್ಟು ದೀರ್ಘ. ಮನೆಯವರನ್ನು ಮೊದಲ ಚಳಿಗಾಲ ಕಳೆದ ಮೇಲೆ, ಏಪ್ರಿಲ್ ಹೊತ್ತಿಗೆ ಕರೆಸಿಕೊಳ್ಳಿ.