ಕಾನ್‌ನಲ್ಲಿ ಒಂದು ವಾರಕ್ಕೆ ಯಾಟ್ ಬಾಡಿಗೆಗೆ ಹಿಡಿಯುವವರಿಗೆ: ಆ ‘ಅಡ್ವಾನ್ಸ್’ ನಮ್ಮ ಅಡ್ವಾನ್ಸ್ ಅಲ್ಲ

ಅಪ್ಪ ಅಮ್ಮನ ಮದುವೆಗೆ 40 ವರ್ಷ ತುಂಬುತ್ತಿದೆ, ಫ್ರಾನ್ಸಿನ ಕಾನ್‌ನಲ್ಲಿ ಒಂದು ವಾರಕ್ಕೆ ಯಾಟ್ (ಮಲಗುವ ಕೋಣೆಗಳಿರುವ ಐಷಾರಾಮಿ ದೋಣಿ) ನೋಡಿದ್ದೇನೆ, ಬಾಡಿಗೆ 30,000 ಯೂರೋ, ಅಷ್ಟು ದುಡ್ಡು ಹೊಂದಿಸಿದ್ದೇನೆ, ಮೋಟಾರಿನದು ತಗೊಳ್ಳಲೋ ಹಾಯಿಯದು ತಗೊಳ್ಳಲೋ ಅಂತ ಕೇಳಿದ್ದೀರಿ. ‘ಅಷ್ಟು ದುಡ್ಡು ಹೊಂದಿಸಿದ್ದೇನೆ’ ಅನ್ನುವ ಮಾತು ಓದಿ ನನ್ನ ಎದೆ ಧಸಕ್ಕೆಂದಿತು. ನಾನೂ ಹೀಗೇ ಹೊಂದಿಸಿದ್ದೆ.

2022ರ ಜುಲೈ. ಅಪ್ಪನಿಗೆ ಅರವತ್ತು. ತುಮಕೂರಿನಲ್ಲಿ ಶಾಂತಿ ಮುಗಿಸಿ ಇಬ್ಬರನ್ನೂ ಇಲ್ಲಿಗೆ ಕರೆಸಿಕೊಂಡಿದ್ದೆವು. ನಾನಿರುವುದು ಮ್ಯೂನಿಕ್‌ನಲ್ಲಿ, ತಮ್ಮ ನೆದರ್‌ಲ್ಯಾಂಡ್ಸಿನ ಐಂಡ್ಹೋವನ್‌ನಲ್ಲಿ. ಅಪ್ಪ ಸರ್ವಿಸ್ ಪೂರ್ತಿ ಬಸ್ಸಿನಲ್ಲೇ ಓಡಾಡಿದವರು, ಒಂದು ಸಲ ರಾಜರ ಥರ ಇರಲಿ ಅಂತ ಅಣ್ಣ ತಮ್ಮ ಇಬ್ಬರೂ ಅರ್ಧರ್ಧ ಹಾಕಿಕೊಂಡೆವು. 20 ಮೀಟರಿನ ಮೋಟಾರ್ ಯಾಟ್, ಮೂರು ಕೋಣೆ, ನಾವು ಆರು ಜನ. ವಾರದ ಬಾಡಿಗೆ ಅದಕ್ಕೂ 30,000 ಯೂರೋನೇ. ನಮಗೆ ಮೂರು ದಿನ ಸಾಕಿತ್ತು. ಏಳರಿಂದ ಭಾಗಿಸಿ ಮೂರರಿಂದ ಗುಣಿಸಿ 13,000 ಚಿಲ್ಲರೆ ಅಂದುಕೊಂಡೆ. ಅಲ್ಲೇ ಮೊದಲ ಪೆಟ್ಟು. ವಾರಕ್ಕಿಂತ ಕಡಿಮೆ ದಿನಕ್ಕೆ ಕೊಟ್ಟರೆ ಸಾಮಾನ್ಯವಾಗಿ ಆರರಿಂದ ಭಾಗಿಸುತ್ತಾರಂತೆ. 15,000 ಆಯಿತು. ಹೋಗಲಿ ಬಿಡು ಅಂದೆವು.

ಅದರ ಮೇಲೆ ಫ್ರಾನ್ಸಿನ ವ್ಯಾಟ್ ಶೇಕಡಾ 20, ಅಂದರೆ 3,000. ಅದನ್ನೂ ನುಂಗಿಕೊಂಡೆವು. ನಾನು ನಿಜವಾಗಿ ಎಡವಿದ್ದು ಕೊಟೇಶನ್ನಿನ ಮೂರನೇ ಸಾಲಿನಲ್ಲಿ.

ಆ ಸಾಲಿನಲ್ಲಿ ಎಪಿಎ ಅಂತ ಮೂರಕ್ಷರ. ಅಡ್ವಾನ್ಸ್ ಪ್ರೊವಿಷನಿಂಗ್ ಅಲೋವೆನ್ಸ್. ಬಾಡಿಗೆಯ ಶೇಕಡಾ 30, ನಮಗೆ 4,500 ಯೂರೋ, ಹತ್ತುವ ಮೊದಲೇ ಕಟ್ಟಬೇಕು. ಪಕ್ಕದಲ್ಲೇ ‘ಖರ್ಚಾಗದೆ ಉಳಿದದ್ದನ್ನು ಹಿಂತಿರುಗಿಸಲಾಗುವುದು’ ಅಂತ ಬೇರೆ ಇತ್ತು. ನಾನು ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದವನು. ಅಡ್ವಾನ್ಸ್ ಅಂದರೆ ನನ್ನ ತಲೆಯಲ್ಲಿ ಒಂದೇ ಅರ್ಥ. ಮೊದಲು ಹತ್ತು ತಿಂಗಳ ಬಾಡಿಗೆ ಕೊಡು, ಖಾಲಿ ಮಾಡುವಾಗ ಓನರ್ ಪೇಂಟಿಂಗ್ ಖರ್ಚು ಅಂತ ಒಂದಿಷ್ಟು ಹಿಡಿದುಕೊಂಡು ಮಿಕ್ಕಿದ್ದು ಕೊಡುತ್ತಾನೆ. ಹಾಗಾಗಿ ಎಕ್ಸೆಲ್ ಶೀಟಿನಲ್ಲಿ ಈ 4,500ನ್ನು ‘ವಾಪಸ್ ಬರುವುದು’ ಅನ್ನುವ ಕಾಲಂನಲ್ಲಿ ಬರೆದೆ. ತಮ್ಮನಿಗೂ ಹಾಗೇ ಹೇಳಿದೆ. ಅವನೂ ಬೆಂಗಳೂರಿನಲ್ಲಿ ಬಾಡಿಗೆಗಿದ್ದವನೇ, ಹೂಂ ಅಂದ.

ಇದು ಡಿಪಾಸಿಟ್ ಅಲ್ಲ ಮಾರಾಯ್ರೇ. ಇದು ಮನೆಯ ಸಾಮಾನಿಗೆ ಅಂತ ಕೊಟ್ಟ ದುಡ್ಡು. ಬಾಡಿಗೆಯಲ್ಲಿ ಸಿಗುವುದು ದೋಣಿ, ಅದರ ಸಿಬ್ಬಂದಿ, ಇನ್ಶೂರೆನ್ಸ್. ಅಷ್ಟೇ. ಡೀಸೆಲ್, ಊಟ, ಕುಡಿಯುವ ನೀರು, ಬಂದರಿನಲ್ಲಿ ರಾತ್ರಿ ಕಟ್ಟಿಹಾಕುವ ಬಾಡಿಗೆ, ಎಲ್ಲ ಈ ಎಪಿಎಯಿಂದ ಹೋಗುತ್ತದೆ. ಕ್ಯಾಪ್ಟನ್ ನಿಮ್ಮ ಪರವಾಗಿ ಖರ್ಚು ಮಾಡಿ ರಸೀದಿ ಇಟ್ಟುಕೊಳ್ಳುತ್ತಾನೆ. ಸಾಲದೇ ಬಂದರೆ ನಡುವೆ ಮತ್ತೆ ಕೇಳುತ್ತಾನೆ. ಇದರಲ್ಲಿ ಮೋಸ ಇಲ್ಲ, ಅಲ್ಲಿಯ ದಸ್ತೂರೇ ಹಾಗೆ. ಹೆಚ್ಚಿನ ಕಾಂಟ್ರಾಕ್ಟ್‌ಗಳು ಮೈಬಾ ಅನ್ನುವ ಯಾಟ್ ಏಜೆಂಟರ ಸಂಘದ ನಮೂನೆಯಲ್ಲಿರುತ್ತವೆ, ಅದರಲ್ಲಿ ‘ಖರ್ಚು ಪ್ರತ್ಯೇಕ’ ಅಂತ ಚೆನ್ನಾಗಿಯೇ ಬರೆದಿರುತ್ತಾರೆ. ನಾನು ಓದಿದ್ದೆ ಕೂಡ. ನನ್ನ ಅರ್ಥದಲ್ಲಿ ಓದಿದ್ದೆ.

ವಾಪಸ್ ಬರುವ ದುಡ್ಡು ಅಂತ ನಂಬಿದ್ದರಿಂದ ಖರ್ಚಿನ ಮೇಲೆ ಕಣ್ಣೇ ಇರಲಿಲ್ಲ. ಹತ್ತಿದ ತಕ್ಷಣ ಕ್ಯಾಪ್ಟನ್ ಕೇಳಿದ, ನಿಧಾನ ಹೋಗೋಣವೋ ಜೋರಾಗಿಯೋ ಅಂತ. ಜೋರಾಗಿ ಅಂದೆ. ಮೂರೇ ದಿನ, ಸೇಂಟ್ ಟ್ರೊಪೇ ನೋಡಬೇಕು, ತಮ್ಮನಿಗೆ ಫಾರ್ಮುಲಾ ಒನ್ ಹುಚ್ಚು, ಮೊನಾಕೊ ನೋಡಲೇಬೇಕು. ಕಾನ್‌ನಿಂದ ಸೇಂಟ್ ಟ್ರೊಪೇ ಸುಮಾರು 25 ನಾಟಿಕಲ್ ಮೈಲಿ ಪಶ್ಚಿಮಕ್ಕೆ, ಮೊನಾಕೊ ಹೆಚ್ಚುಕಡಿಮೆ ಅಷ್ಟೇ ದೂರ ಪೂರ್ವಕ್ಕೆ. ಒಂದು ನಾಟಿಕಲ್ ಮೈಲಿ ಅಂದರೆ 1.85 ಕಿಲೋಮೀಟರ್. ಎರಡೂ ಕಡೆ ಹೋಗಿ ವಾಪಸ್ ಬಂದರೆ ನೂರು ಮೈಲಿ. ಗಂಟೆಗೆ 22 ಮೈಲಿಯಂತೆ ಓಡಿಸಿದ. ಆ ವೇಗದಲ್ಲಿ ನಮ್ಮ ದೋಣಿ ಗಂಟೆಗೆ 320 ಲೀಟರ್ ಕುಡಿಯುತ್ತಿತ್ತು. ನಿಮಿಷಕ್ಕೆ ಐದು ಲೀಟರಿಗೂ ಜಾಸ್ತಿ. ಹತ್ತು ಮೈಲಿ ವೇಗದಲ್ಲಾದರೆ 65 ಸಾಕಂತೆ. ದುಪ್ಪಟ್ಟು ಹೊತ್ತು ಹಿಡಿದರೂ ಒಟ್ಟು ಡೀಸೆಲ್ ಅರ್ಧಕ್ಕಿಂತ ಕಡಿಮೆ. ನಿಧಾನ ಹೋದರೆ ದೋಣಿ ತೇಲಿಕೊಂಡು ನೀರು ಸೀಳುತ್ತದೆ. ಜೋರು ಹೋಗಬೇಕಾದರೆ ಅಷ್ಟು ಭಾರವನ್ನು ಇಂಜಿನ್ ನೀರಿನ ಮೇಲಕ್ಕೆ ಎತ್ತಿ ಹಿಡಿದು ಓಡಿಸಬೇಕು. ಇದನ್ನು ಕ್ಯಾಪ್ಟನ್ ಮೂರನೇ ದಿನ ವಿವರಿಸಿದ. ಮೊದಲ ದಿನ ನಾನು ಕೇಳಿರಲಿಲ್ಲ.

ಕೊನೆಯ ದಿನ ಲೆಕ್ಕ ಬಂತು. ಓಡಿಸಿದ ಡೀಸೆಲ್ 2,900. ರಾತ್ರಿ ಏಸಿಗೆ ಜನರೇಟರ್ ಓಡಿದ್ದಕ್ಕೆ 400. ಎರಡು ರಾತ್ರಿ ಬಂದರಿನ ಬಾಡಿಗೆ 1,100. ಊಟ ತಿಂಡಿ ಪಾನೀಯ 1,500. ಕೂಡಿದರೆ 5,900. ಅಡ್ವಾನ್ಸ್ ಪೂರ್ತಿ ಹೋಗಿ ಮೇಲೆ 1,400 ನಾವೇ ಕೊಡಬೇಕು. ಆಮೇಲೆ ಟಿಪ್ಸ್. ಅಲ್ಲಿ ಬಾಡಿಗೆಯ ಶೇಕಡಾ 5ರಿಂದ 15ರವರೆಗೆ ಕೊಡುವ ವಾಡಿಕೆ. ಸಿಬ್ಬಂದಿ ಅಮ್ಮನನ್ನು ಅಷ್ಟು ಚೆನ್ನಾಗಿ ನೋಡಿಕೊಂಡಿದ್ದರು, 1,500 ಕವರಿನಲ್ಲಿಟ್ಟು ಕ್ಯಾಪ್ಟನ್ ಕೈಗೆ ಕೊಟ್ಟೆವು. ಒಟ್ಟು 25,400 ಯೂರೋ. ಆಗಿನ ರೇಟಿನಲ್ಲಿ ಇಪ್ಪತ್ತು ಲಕ್ಷ ರೂಪಾಯಿ. ನಾವು ಮೊದಲು ಮನಸ್ಸಿನಲ್ಲಿಟ್ಟುಕೊಂಡಿದ್ದು ಹನ್ನೆರಡು. ಅಪ್ಪನಿಗೆ ಇವತ್ತಿಗೂ ಈ ಲೆಕ್ಕ ಹೇಳಿಲ್ಲ.

ಊಟದ್ದು ಒಂದು ಮಾತು. ಹೋಗುವ ಮೊದಲು ಇಷ್ಟಾನಿಷ್ಟದ ಫಾರಂ ಕಳಿಸುತ್ತಾರೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಸಸ್ಯಾಹಾರ ಅಂತ ಬರೆದಿದ್ದೆ, ಅಡುಗೆಯವಳು ಪಾಪ ಪಾಲಿಸಿದಳು. ಅಮ್ಮ ಎಲ್ಲದಕ್ಕೂ ಚಟ್ನಿಪುಡಿ ಉದುರಿಸಿಕೊಂಡು ತಿಂದರು. ಅದೇ ಫಾರಂನಲ್ಲಿ ನಾನು ಸುಮ್ನೆ ಇರಲಿ ಅಂತ ‘ಎಳನೀರು’ ಅಂತಲೂ ಬರೆದಿದ್ದೆ. ಡಬ್ಬಿಯ ಎಳನೀರು 24 ತಂದಿಟ್ಟಿದ್ದರು. ನಮ್ಮ ದುಡ್ಡಲ್ಲೇ. ಹದಿನೇಳು ಡಬ್ಬಿ ಸೂಟ್‌ಕೇಸಿನಲ್ಲಿ ಮ್ಯೂನಿಕ್‌ಗೆ ಬಂದವು. ಬರೆದದ್ದೆಲ್ಲ ಆರ್ಡರ್ ಅಂತ ತಿಳಿದುಕೊಂಡು ಬರೆಯಿರಿ.

ಈಗ ನಿಮ್ಮ ವಿಷಯ. 30,000 ಬಾಡಿಗೆ ಅಂದರೆ ವ್ಯಾಟ್, ಎಪಿಎ, ಟಿಪ್ಸ್ ಸೇರಿ 48,000 ಹತ್ತಿರ ಹೋಗುತ್ತದೆ. ಅಷ್ಟಿದ್ದರೆ ಮಾಡಿ, ನನ್ನದೇನೂ ತಕರಾರಿಲ್ಲ. ಇಲ್ಲದಿದ್ದರೆ ಮೋಟಾರೋ ಹಾಯಿಯೋ ಅನ್ನುವ ಪ್ರಶ್ನೆಯೇ ಬೇಡ. ಒಂದು ವಾರ ನೀರಿನ ಮೇಲೆ ಮಲಗಲೇಬೇಕು ಅಂತ ಯಾರು ಹೇಳಿದರು ನಿಮಗೆ? ನಿಮ್ಮ ಅಪ್ಪ ಅಮ್ಮ ಹೇಳಿರುವುದಿಲ್ಲ ಬಿಡಿ. ಸೇಂಟ್ ಟ್ರೊಪೇ ಬಂದರಿನಲ್ಲಿ ರಾತ್ರಿಯಿಡೀ ಪಕ್ಕದ ದೋಣಿಯ ಹಾಡು. ನಮ್ಮ ಅಮ್ಮನಿಗೆ ಎರಡು ರಾತ್ರಿಯೂ ನಿದ್ದೆ ಇಲ್ಲ. ಮೊನಾಕೊಗೆ ಹೋಗುವಾಗ ವಾಂತಿ. ಅಪ್ಪ ಮೇಲಿನ ಡೆಕ್ಕಿನಲ್ಲಿ ಕೂತು ‘ಇಷ್ಟು ಜೋರಾಗಿ ಯಾಕೋ ಓಡಿಸ್ತಾನೆ, ಏನೂ ಕಾಣಿಸಲ್ಲ’ ಅಂತಿದ್ದರು.

ಕಾನ್ ಪಕ್ಕದ ಆಂತೀಬ್ ಊರಿನಲ್ಲಿ ಹೋಟೆಲ್ ರೂಮು ಮಾಡಿ. ಅಲ್ಲಿಂದ ಕಾನ್ ರೈಲಿನಲ್ಲಿ ಕಾಲು ಗಂಟೆಯೊಳಗೆ. ಕೋಟ್ಯಧಿಪತಿಗಳ ಯಾಟ್ ನೋಡಬೇಕಾ, ಆಂತೀಬ್‌ನ ಪೋರ್ ವೊಬಾನ್ ಬಂದರಿನಲ್ಲಿ ಅವುಗಳಿಗೆಂದೇ ಒಂದು ಕಟ್ಟೆ ಇದೆ. ನೋಡುವುದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಒಂದೇ ಒಂದು ದಿನಕ್ಕೆ ಚಾಲಕನ ಸಮೇತ ದೋಣಿ ಹಿಡಿಯಿರಿ, ಕಾನ್ ಎದುರಿಗಿರುವ ಲೆರಾನ್ ದ್ವೀಪಗಳ ನಡುವೆ ಲಂಗರು ಹಾಕಿಸಿ, ಅಲ್ಲೇ ಊಟ, ಅಲ್ಲೇ ಈಜು. ಅಷ್ಟು ಹತ್ತಿರಕ್ಕೆ ಡೀಸೆಲ್ ಕೂಡ ಹೆಚ್ಚು ಸುಡುವುದಿಲ್ಲ. ಆದರೂ ಡೀಸೆಲ್ ಸೇರಿದೆಯೋ ಇಲ್ಲವೋ ಅಂತ ಬರಹದಲ್ಲಿ ತಗೊಳ್ಳಿ. ನಿಮ್ಮ ಅಮ್ಮನಿಗೆ ಹೊಟ್ಟೆ ತೊಳಸುವ ಕಾಟ ಇದ್ದರೆ ಕಟಮರಾನ್, ಅಂದರೆ ಎರಡು ಒಡಲಿನ ದೋಣಿ ಕೇಳಿ, ಅದು ಅಷ್ಟು ಹೊಯ್ದಾಡುವುದಿಲ್ಲ. ಮೇ ತಿಂಗಳು ಮಾತ್ರ ಬೇಡ. ಕಾನ್ ಚಿತ್ರೋತ್ಸವ ಆಗಲೇ, ರೇಟು ಆಕಾಶಕ್ಕೆ. ಮೊನಾಕೊ ರೇಸು 2025ರವರೆಗೆ ಮೇನಲ್ಲೇ ಇತ್ತು, 2026ರಿಂದ ಜೂನ್ ಮೊದಲಿಗೆ ಹೋಗಿದೆ. ಇನ್ನೂ ದೊಡ್ಡ ಯಾಟ್ ಬೇಕು ಅನ್ನುವ ಆಸೆ ಇದ್ದರೆ ಇದು ಗೊತ್ತಿರಲಿ. 24 ಮೀಟರ್ ದಾಟಿದವು ಅಲ್ಲಿಯ ಪೊಸಿಡೋನಿಯಾ ಅನ್ನುವ ಸಮುದ್ರಹುಲ್ಲಿನ ಮೇಲೆ ಲಂಗರು ಹಾಕುವ ಹಾಗಿಲ್ಲ. ಬೇಕಾದ ಕಡೆಯೆಲ್ಲ ನಿಲ್ಲಿಸುವುದಕ್ಕಾಗುವುದಿಲ್ಲ.

ಅಪ್ಪನಿಗೆ ಖುಷಿಯಾಗಿದ್ದು ಯಾಟ್ ಬಿಟ್ಟ ಮರುದಿನ. ತಲೆಗೆ ಇಪ್ಪತ್ತು ಯೂರೋ ಒಳಗಿನ ಟಿಕೆಟ್ ತಗೊಂಡು ಲೆರಾನ್ ದ್ವೀಪಗಳಲ್ಲೇ ಒಂದಾದ ಸೇಂತ್ ಮಾರ್ಗರೀತ್‌ಗೆ ಫೆರಿಯಲ್ಲಿ ಹೋದೆವು. ಕಾಲು ಗಂಟೆಯ ದಾರಿ. ಮುಖವಾಡದ ಕೈದಿ ಅಂತ ಪ್ರಸಿದ್ಧನಾದವನನ್ನು 1687ರಿಂದ ಹನ್ನೊಂದು ವರ್ಷ ಅಲ್ಲಿಯ ಕೋಟೆಯಲ್ಲಿ ಕೂಡಿಹಾಕಿದ್ದರು. ಆ ಕೋಣೆಯ ಕಿಟಕಿಯ ಹತ್ತಿರ ಅಪ್ಪ ಅರ್ಧ ಗಂಟೆ ನಿಂತರು. ‘ಕೈದಿಗೆ ಒಳ್ಳೇ ವ್ಯೂ ಕೊಟ್ಟಿದ್ದಾರಲ್ಲೋ’ ಅಂದರು.

ಇನ್ನೊಂದು. ಯಾಟಿನ ಮೇಲೆ ಚಪ್ಪಲಿ ಬಿಡಿಸುತ್ತಾರೆ, ಹತ್ತುವಲ್ಲೇ ಒಂದು ಬುಟ್ಟಿ ಇಟ್ಟಿರುತ್ತಾರೆ. ಅಮ್ಮನಿಗೆ ಇದೊಂದು ವಿಷಯ ಬಹಳ ಹಿಡಿಸಿತ್ತು. ಆದರೆ ಡೆಕ್ಕಿಗೆ ಹಾಸಿರುವುದು ತೇಗದ ಹಲಗೆ, ಜುಲೈ ಮಧ್ಯಾಹ್ನ ದೋಸೆ ಕಾವಲಿ ಥರ ಕಾದಿರುತ್ತದೆ. ನಿಮ್ಮ ಅಪ್ಪ ಅಮ್ಮನಿಗೆ ಒಂದೆರಡು ಜೊತೆ ಬಿಳಿ ಕಾಲುಚೀಲ ಇಟ್ಟುಕೊಂಡು ಹೋಗಿ.